ಬಣ್ಣದಕ್ಕನ ತಕರಾರು

ಆ ಅಂಗಡಿಗೆ ಬರುವ ಪ್ರತಿ ಬಟ್ಟೆಗೂ ಒಂದು ಚೀಟಿ ಬೀಳುತ್ತದೆ. ಕಾಗದದ್ದಲ್ಲ. ಹಂಡೆಯಲ್ಲಿ ಎಷ್ಟು ಕುದಿದರೂ ಪಿಸಿಯದ ದಪ್ಪ ಬಟ್ಟೆಯ ತುಂಡು, ಅದರ ಮೇಲೆ ದಾರದಲ್ಲಿ ಹೊಲಿದ ಒಂದು ಸಂಖ್ಯೆ. ಕಪ್ಪು ಬಣ್ಣದ ಹಂಡೆಗೆ ಒಮ್ಮೆ ಇಳಿಯಿತೆಂದರೆ ಹತ್ತು ಜನರ ಪ್ಯಾಂಟೂ ಒಬ್ಬನದೇ ಪ್ಯಾಂಟಿನ ಹಾಗೆ ಕಾಣುತ್ತದೆ. ಯಾವುದು ಯಾರದೆಂದು ಹೇಳುವುದು ಆ ತುಂಡು ಮಾತ್ರ. ಚೀಟಿಯಿಲ್ಲದೆ ಹಂಡೆಗೆ ಇಳಿಯುವ ಭಾಗ್ಯ ಇದ್ದದ್ದು ಮನೆಯವರ ಬಟ್ಟೆಗೆ. ಅಮ್ಮನ ಶಾಲು, ಅಣ್ಣನ ಅಂಗಿ, ಅಣ್ಣನ ಪ್ಯಾಂಟು. "ನಮ್ಮೋರ ಬಟ್ಟೆ ನಂಗೆ ಗೊತ್ತಾಗಲ್ವಾ?" ಎನ್ನುತ್ತಿದ್ದಳು ಅಂಗಡಿಯವಳು. ಅದಕ್ಕೆ ದುಡ್ಡನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಮಾಸಿದ ಬಟ್ಟೆಗೆ ಮತ್ತೆ ಬಣ್ಣ ಹಾಕಿಕೊಡುವುದು ಅವಳ ಕಸುಬು. ಬೀದಿಗೆಲ್ಲ ಅವಳು ಬಣ್ಣದಕ್ಕ. ವಯಸ್ಸು ನಲವತ್ತು ದಾಟಿದೆ. ಮದುವೆಯ ಗೊಡವೆಗೆ ಹೋದವಳಲ್ಲ. ಅಂಗಡಿಯ ಮೇಲಿನ ಕೋಣೆಯಲ್ಲೇ ವಾಸ. ಅಂಗಡಿಯೆಂದರೆ ಉದ್ದಕ್ಕೆ ಚಾಚಿಕೊಂಡ ಒಂದೇ ಕೋಣೆ. ಮುಂದೆ ಮರದ ಮೇಜು, ಹಿಂದೆ ಎರಡು ಹಂಡೆ, ಅವುಗಳ ಪಕ್ಕದಲ್ಲಿ ನೆಲಕ್ಕೆ ಬೋಲ್ಟು ಹಾಕಿ ನಿಲ್ಲಿಸಿದ ನೀರು ಹಿಂಡುವ ಯಂತ್ರ, ಅದರಾಚೆ ಒಣಗಿಸುವ ತಂತಿಗಳು. ನೆಲದ ನಡುವೆ ಒಂದು ಕಿರುಚರಂಡಿ ಹರಿದು ಹಿಂದಿನ ಗೋಡೆ ದಾಟಿ ದೊಡ್ಡ ಮೋರಿಗೆ ಸೇರುತ್ತದೆ. ಆ ಚರಂಡಿಯನ್ನು ಅವಳೇ ತನ್ನ ಖರ್ಚಿನಲ್ಲಿ ಮಾಡಿಸಿಕೊಂಡದ್ದು. ಬಣ್ಣದ ನೀರು ಬಿಡುವವರಿಗೆ ಯಾರೂ ಸುಲಭಕ್ಕೆ ಜಾಗ ಕೊಡುವುದಿಲ್ಲ. ಈ ಕೋಣೆ ಹೋದರೆ ಕಸುಬೂ ಹೋದ ಹಾಗೆ.

ಅವಳ ಕೈಗಳ ವಿಚಾರ ಹೇಳಲೇಬೇಕು, ಏಕೆಂದರೆ ಮುಂದಿನದೆಲ್ಲ ಹುಟ್ಟಿದ್ದು ಅಲ್ಲಿಂದ. ವಾರವಿಡೀ ಅವು ನೀಲಿ, ಇಲ್ಲವೇ ಕಪ್ಪು, ಇಲ್ಲವೇ ಎರಡೂ ಸೇರಿದ ಹೆಸರಿಲ್ಲದ ಬಣ್ಣ. ಕೈಗವಸು ಹಾಕಿದರೆ ಬಟ್ಟೆಯ ಹದ ತಿಳಿಯುವುದಿಲ್ಲ. "ಕೈ ಕೆಸರಾದ್ರೆ ಬಾಯಿ ಮೊಸರಂತೆ. ನನ್ನ ಕೈ ನೀಲಿ, ಬಾಯಿಗೆ ಯಾವ ಬಣ್ಣದ್ದು ಬರುತ್ತೋ ನೋಡ್ಬೇಕು" ಎಂದು ಅವಳೇ ನಗಾಡುವುದುಂಟು. ಹಿಂದೊಮ್ಮೆ ವಿದ್ಯುತ್ ಮೀಟರಿನ ಅರ್ಜಿಗೆ ಗುರುತಿನ ಚೀಟಿಯ ನಕಲು ಕೊಟ್ಟಾಗ, ಫೋಟೋದ ಮೇಲೆ ಅವಳ ಹೆಬ್ಬೆರಳು ನೀಲಿಯಾಗಿ ಒತ್ತಿಕೊಂಡಿತ್ತು. ಕಚೇರಿಯ ಗುಮಾಸ್ತ ಅದನ್ನು ತುದಿಬೆರಳಲ್ಲಿ ಎತ್ತಿ ಹಿಂದಕ್ಕೆ ತಳ್ಳಿ, "ಶುದ್ಧವಾಗಿ ತಗೊಂಡ್ಬಾಮ್ಮ" ಎಂದಿದ್ದ. ಸಾಲಿನಲ್ಲಿ ನಿಂತವರು ನಕ್ಕಿದ್ದರು. ಅಂದಿನಿಂದ ಅವಳು ಒಂದು ಪದ್ಧತಿ ಮಾಡಿಕೊಂಡಳು. ರಜೆಯ ದಿನ ಸಂಜೆ ಹೊತ್ತಿಗೆ ಕೈ ಸ್ವಲ್ಪ ತಿಳಿಯಾಗುತ್ತದಲ್ಲ, ಆಗ ಗುರುತಿನ ಚೀಟಿಯ ನಕಲುಗಳ ಒಂದು ಕಂತೆಗೆ ಕೂತು ಸಹಿ ಹಾಕಿ ಮೇಜಿನ ಖಾನೆಯಲ್ಲಿ ಇಟ್ಟುಬಿಡುವುದು. ತಾರೀಖು ಇಲ್ಲ, ಯಾತಕ್ಕೆಂಬುದಿಲ್ಲ, ಬರೀ ಸಹಿ. ಯಾರು ಕೇಳಿದರೂ ಒಂದನ್ನು ತೆಗೆದುಕೊಟ್ಟರಾಯಿತು, ಇಲ್ಲವೇ ಅವರೇ ತೆಗೆದುಕೊಂಡರಾಯಿತು. ಖಾನೆಗೆ ಬೀಗವಿರಲಿಲ್ಲ.

ಹಿಂಡುವ ಯಂತ್ರ ಅಣ್ಣನ ಉಡುಗೊರೆ. ಅಣ್ಣ ಆಗ ಯಂತ್ರಗಳನ್ನು ಮಾರುವ ಒಂದು ಶೋರೂಮಿನಲ್ಲಿ ಸೇಲ್ಸ್‌ಮನ್. ಬಾಯಿ ತೆರೆದರೆ ಕಲ್ಲಿಗೂ ಫ್ರಿಜ್ ಮಾರುತ್ತಾನೆಂದು ಅಮ್ಮ ಹೆಮ್ಮೆಪಡುತ್ತಿದ್ದಳು. ಅಂಗಡಿ ಶುರುವಾದ ಮರುವರ್ಷ ಒಂದು ದಿನ ವ್ಯಾನಿನಲ್ಲಿ ಯಂತ್ರ ಬಂತು, ಅದಕ್ಕೆ ಕೆಂಪು ರಿಬ್ಬನ್ ಸುತ್ತಿತ್ತು, ಹಿಂದೆ ಬೈಕಿನಲ್ಲಿ ಅಣ್ಣ, ಬೈಕಿನ ಹಿಂದೆ ಅಮ್ಮ. ನೆಂಟರಲ್ಲಿ ನಾಲ್ಕಾರು ಮಂದಿಯನ್ನೂ ಕರೆಸಿದ್ದ. "ನನ್ ತಂಗಿ ಹಿಂಡಿ ಹಿಂಡಿ ಮಣಿಕಟ್ಟು ಸವೆಸ್ಕೋಬಾರ್ದು" ಎಂದು ಎಲ್ಲರ ಎದುರು ಗುಂಡಿ ಒತ್ತಿದ. ಯಂತ್ರ ಗಡಗಡ ನಡುಗಿ ತಿರುಗಿತು. ಅವಳು ಅತ್ತಳು. ಅತ್ತದ್ದನ್ನು ಯಾರೋ ಫೋಟೋ ತೆಗೆದರು; ಆ ಫೋಟೋ ಅಮ್ಮನ ಮನೆಯ ಗೋಡೆಯಲ್ಲಿದೆ.

ಅಂದಿನಿಂದ ಆ ಯಂತ್ರ ಅಂಗಡಿಯಲ್ಲಿ ತಿರುಗಿದ್ದಕ್ಕಿಂತ ನೆಂಟರ ಮನೆಗಳಲ್ಲಿ ತಿರುಗಿದ್ದೇ ಹೆಚ್ಚು. ಯಾರ ಮದುವೆಯ ಮಾತು ಬಂದರೂ, ಯಾರ ಮನೆಯ ಅಣ್ಣ-ತಮ್ಮಂದಿರ ಜಗಳ ಬಂದರೂ ಅಮ್ಮ, "ನಮ್ಮನೇಲಿ ನೋಡಿ, ಅಣ್ಣ ಅಂದ್ರೆ ಹಾಗಿರ್ಬೇಕು" ಎನ್ನುವಳು. ಅಣ್ಣ ತಲೆ ತಗ್ಗಿಸಿ, "ಬಿಡಮ್ಮ, ಅದೆಲ್ಲ ಯಾಕೆ ಹೇಳ್ತೀಯ" ಎಂದು, ಅವಳು ಇನ್ನೊಂದು ಸಲ ಹೇಳುವಷ್ಟು ಮೆಲ್ಲಗೆ ತಡೆಯುವನು. ಬಣ್ಣದಕ್ಕ ಆ ಋಣವನ್ನು ತನಗೆ ತಿಳಿದ ರೀತಿಯಲ್ಲಿ ತೀರಿಸುತ್ತ ಬಂದಳು. ಅವನ ಬಟ್ಟೆಗೆ ವರ್ಷಗಟ್ಟಲೆ ಪುಕ್ಕಟೆ ಬಣ್ಣ. ಅವನು ಶೋರೂಮ್ ಬಿಟ್ಟು ಕೈಯಲ್ಲಿ ಕೆಲಸವಿಲ್ಲದೆ ಕೂತಾಗ, ಅವನೂ ಅಮ್ಮನೂ ಇದ್ದ ಮನೆಯ ಬಾಡಿಗೆಯನ್ನು ಅವಳೇ ಕಟ್ಟಿದಳು. ಅವನು ಹಳೆ ಕಾರು ಮಾರುವ ಜಾಗದಲ್ಲಿ ಕೆಲಸಕ್ಕೆ ಸೇರುವವರೆಗೂ ಕಟ್ಟಿದಳು. ಯಾರಿಗೂ ಹೇಳಲಿಲ್ಲ. ಯಂತ್ರ ಕೊಡಿಸಿದವನಿಗೆ ಅಷ್ಟೂ ಮಾಡದಿದ್ದರೆ ಹೇಗೆ?

ಹೀಗಿರುವಾಗ ಕಟ್ಟಡದ ಯಜಮಾನ ಒಂದು ಬೆಳಿಗ್ಗೆ ಬಂದು ಮೇಜಿಗೆ ಒರಗಿ ನಿಂತ. ವಯಸ್ಸಾದವನು, ಒಳ್ಳೆಯವನು, ಬಾಡಿಗೆ ಏರಿಸುವಾಗಲೂ ಕೆಮ್ಮಿ ಏರಿಸುವವನು.

"ಮಗಳ ಊರಿಗೆ ಹೋಗ್ಬಿಡ್ತೀನಮ್ಮ. ಕೋಣೆಗಳನ್ನ ಬಿಡಿಬಿಡಿಯಾಗಿ ಮಾರ್ತಾ ಇದೀನಿ. ಇದಕ್ಕೆ ಫೋನ್ ಅಂಗಡಿಯವನು ಗಂಟು ಬಿದ್ದಿದ್ದಾನೆ. ಆದ್ರೆ ಮೊದ್ಲು ನಿನ್ನ ಕೇಳ್ಬೇಕಲ್ಲ."

"ಎಷ್ಟು ದಿನ ಕಾಯ್ತೀರಿ?"

"ಈ ಬೇಸಿಗೆ ಮುಗಿಯೋವರೆಗೆ."

ಕೂಡಿಟ್ಟದ್ದು ಅರ್ಧಕ್ಕೆ ಸಾಕಾಗುವಷ್ಟಿತ್ತು. ಉಳಿದ ಅರ್ಧಕ್ಕೆ ಬ್ಯಾಂಕಿಗೆ ಹೋದಳು. ಸಾಲದ ವಿಭಾಗದ ಅಧಿಕಾರಿ ಕನ್ನಡಕದ ಹೆಂಗಸು; ಲೆಕ್ಕಪತ್ರ ನೋಡಿ ತಲೆದೂಗಿದಳು; ಕಂಪ್ಯೂಟರಿನಲ್ಲಿ ಏನನ್ನೋ ನೋಡಿ ತಲೆದೂಗುವುದನ್ನು ನಿಲ್ಲಿಸಿದಳು.

"ನಿಮ್ ಕ್ರೆಡಿಟ್ ರಿಪೋರ್ಟ್ ಸರಿಯಿಲ್ಲ. ಎರಡು ಸಾಲ ಕಟ್ಟದೆ ಬಿಟ್ಟಿದೀರಿ."

"ನಾನು ಜೀವಮಾನದಲ್ಲಿ ಸಾಲ ತಗೊಂಡಿಲ್ಲ ಮೇಡಂ. ಇದೇ ಮೊದ್ಲು ಕೇಳ್ತಿರೋದು."

"ಇಲ್ಲಿ ಹಾಗೆ ಹೇಳ್ತಿಲ್ಲ."

ಅಧಿಕಾರಿ ಕೆಟ್ಟವಳಲ್ಲ. ರಿಪೋರ್ಟು ಮಾಡುವ ಕಂಪನಿ ಬೇರೆ, ಅಲ್ಲಿಂದ ನಿಮ್ಮ ಪ್ರತಿಯನ್ನು ನೀವೇ ತರಿಸಿಕೊಳ್ಳಬಹುದು, ತಪ್ಪಿದ್ದರೆ ತಕರಾರು ಸಲ್ಲಿಸಬಹುದು, ಅವರು ಸಾಲ ಕೊಟ್ಟವರನ್ನು ಕೇಳಿ ಉತ್ತರ ಕೊಡಬೇಕು, ಇದಕ್ಕೆಲ್ಲ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ ಎಂದು ಬಿಡಿಸಿ ಹೇಳಿದಳು. ಬಣ್ಣದಕ್ಕ ಅಂಗಡಿಗೆ ವಾಪಸು ಬಂದು ಹಂಡೆಯ ಒಲೆ ಹಚ್ಚಲೇ ಇಲ್ಲ. ಪಕ್ಕದ ಝೆರಾಕ್ಸ್ ಅಂಗಡಿಯವನ ಬಳಿಗೆ ಹೋಗಿ ಕಂಪ್ಯೂಟರಿನ ಮುಂದೆ ಸ್ಟೂಲು ಎಳೆದುಕೊಂಡು ಕೂತಳು.

ಝೆರಾಕ್ಸಿನವನು ಮಾತುಗಾರ. ರಿಪೋರ್ಟನ್ನು ಪ್ರಿಂಟು ತೆಗೆದು ಹಾಳೆ ಹಾಳೆಯಾಗಿ ಬಿಡಿಸಿಟ್ಟ. "ನೋಡಕ್ಕ, ನೀನು ಸ್ಕೂಟರ್ ತಗೊಂಡಿದೀಯ. ಒಂದು ದಿನಾನೂ ನನ್ನ ಹಿಂದೆ ಕೂರಿಸ್ಕೊಂಡು ಹೋಗ್ಲಿಲ್ಲ."

ಸ್ಕೂಟರಿನ ಸಾಲ ಅವಳದೇ ಹೆಸರಿನ ಇನ್ನೊಬ್ಬಳದು. ಹುಟ್ಟಿದ ತಾರೀಖು ಬೇರೆ, ವಿಳಾಸ ಬೇರೆ, ಅಕ್ಷರಶಃ ಬೇರೆ ಜೀವ. ಎರಡನೆಯದು ಯಾವುದೋ ಫೈನಾನ್ಸ್ ಕಂಪನಿ ಕೊಟ್ಟ 'ವಸ್ತು ಖರೀದಿ ಸಾಲ'. ಎಂಟು ವರ್ಷದ ಹಿಂದಿನದು. ಒಂದಷ್ಟು ಕಂತು ಕಟ್ಟಿ ಆಮೇಲೆ ನಿಲ್ಲಿಸಲಾಗಿದೆ. ಬಡ್ಡಿ, ದಂಡ ಸೇರಿ ಊದಿಕೊಂಡು ಕೂತಿದೆ. ಯಾವ ವಸ್ತುವೆಂಬುದು ಅದರಲ್ಲಿಲ್ಲ. ಆ ಕಂಪನಿಯ ಹೆಸರನ್ನು ಅವಳು ಕೇಳಿಯೂ ಇರಲಿಲ್ಲ.

"ಇದೂ ಆ ಸ್ಕೂಟರ್‌ನೋಳದ್ದೇ ಇರ್ಬೇಕು" ಎಂದಳು. "ನನ್ನ ಹೆಸರಿಟ್ಕೊಂಡು ಊರೆಲ್ಲ ಸಾಲ ಮಾಡ್ಕೊಂಡು ತಿರುಗ್ತಿದಾಳೆ ಪುಣ್ಯಾತ್ಗಿತ್ತಿ."

ಎರಡಕ್ಕೂ ತಕರಾರು ಬರೆದಳು. ಝೆರಾಕ್ಸಿನವನು ಟೈಪು ಮಾಡಲು ಮುಂದಾದರೆ, ಬೇಡ, ಅಕ್ಷರ ಹುಡುಕಿಕೊಂಡಾದರೂ ನಾನೇ ಒತ್ತುತ್ತೇನೆ ಎಂದಳು. ಗುರುತಿನ ಚೀಟಿ, ಹುಟ್ಟಿದ ತಾರೀಖಿನ ದಾಖಲೆ, ಅಂಗಡಿಯ ಬಾಡಿಗೆ ಕರಾರು ಎಲ್ಲ ಲಗತ್ತಿಸಿದಳು. ಕೀಲಿಮಣೆಯ ಮೇಲೆ ಅವಳ ಬೆರಳಿನ ನೀಲಿ ಉಳಿಯಿತು. ಅವನು ಅದನ್ನು ಒರೆಸಲಿಲ್ಲ.

ಆ ವಾರ ಅಮ್ಮನ ಮನೆಗೆ ಹೋದಾಗ ವಿಷಯ ಹೇಳಿದಳು. ಅಣ್ಣ ಊಟಕ್ಕೆ ಕೂತಿದ್ದ. ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟ.

"ನೀನ್ಯಾಕೆ ತಲೆ ಕೆಡಿಸ್ಕೋತೀಯ ಪುಟ್ಟಿ? ನನ್ನ ಗುರುತಿನ ಏಜೆಂಟ್ ಒಬ್ಬ ಇದಾನೆ. ಇದೇ ಅವನ ಕೆಲ್ಸ. ನಾನೇ ಖರ್ಚು ಹಾಕ್ಕೊಂಡು ಮಾಡಿಸ್ತೀನಿ. ಆ ಕಾಗ್ದ ಎಲ್ಲ ನಂಗೆ ಕೊಡು."

"ಬೇಡ ಕಣಣ್ಣ, ನಿನ್ನ ಮೇಲೆ ಇನ್ನೆಷ್ಟು ಭಾರ ಹಾಕ್ಲಿ. ಈಗಾಗ್ಲೇ ಕಳಿಸಿ ಆಯ್ತು."

"ಕಳಿಸ್ಬಿಟ್ಯಾ?"

"ಹೂಂ. ಎರಡಕ್ಕೂ."

"ಅವನು ಹೇಳೋದು ಕೇಳೇ" ಎಂದಳು ಅಮ್ಮ, ಪಾತ್ರೆಯ ಕಡೆ ತಿರುಗಿಕೊಂಡು. "ನಿಂಗೆ ಅದೆಲ್ಲ ಯಾಕೆ?"

ವಾಪಸು ಬರುವಾಗ ಬಸ್ಸಿನಲ್ಲಿ ಅವಳ ಎದೆ ತುಂಬಿ ಬಂದಿತ್ತು. ಈಗಲೂ ತನಗಾಗಿ ಖರ್ಚು ಹಾಕಿಕೊಳ್ಳುತ್ತೇನೆನ್ನುವ ಅಣ್ಣ.

ಕೆಲವು ವಾರ ಕಳೆದ ಮೇಲೆ ಉತ್ತರ ಬಂತು. ಸ್ಕೂಟರಿನ ಸಾಲ ನಿಮ್ಮದಲ್ಲ, ತೆಗೆದುಹಾಕಲಾಗಿದೆ. ರಿಪೋರ್ಟಿನಲ್ಲಿ ಅವಳ ಅಂಕ ಏರಿತು. ಝೆರಾಕ್ಸಿನವನು ಟೀ ತರಿಸಿದ. "ಅಕ್ಕ, ಇನ್ನು ನಿನ್ನ ಹತ್ರ ಜಾಗ್ರತೆ ಮಾತಾಡ್ಬೇಕು. ತಕರಾರು ಹಾಕಿಬಿಟ್ರೆ ನಾನೂ ಅಳಿಸಿ ಹೋದೇನು." ಆದರೆ ಎರಡನೆಯದಕ್ಕೆ ಒಂದೇ ಸಾಲಿನ ಉತ್ತರ: ಸಾಲ ಕೊಟ್ಟವರು ಪರಿಶೀಲಿಸಿ ಖಚಿತಪಡಿಸಿದ್ದಾರೆ, ಬದಲಾವಣೆ ಇಲ್ಲ. ಅವಳು ಇನ್ನೂ ಕಟುವಾಗಿ ಇನ್ನೊಂದು ತಕರಾರು ಬರೆದಳು. ಅದಕ್ಕೂ ಅದೇ ಉತ್ತರ, ಅದೇ ಅಕ್ಷರ. ಬೇಸಿಗೆ ಅರ್ಧ ಮುಗಿದಿತ್ತು. ಫೋನ್ ಅಂಗಡಿಯವನು ಒಂದು ದಿನ ಅಳತೆಪಟ್ಟಿ ಹಿಡಿದು ಬಂದು, "ಸುಮ್ನೆ ನೋಡ್ಕೊಂಡು ಹೋಗ್ತೀನಿ" ಎಂದು ಅವಳ ಚರಂಡಿಯ ಮೇಲೆ ಕಾಲಿಟ್ಟು ನಿಂತು ಗೋಡೆ ಅಳೆದ.

"ಮಧ್ಯದೋರನ್ನ ಬಿಡು, ಸಾಲ ಕೊಟ್ಟೋರನ್ನೇ ನೇರ ಕೇಳು" ಎಂದ ಝೆರಾಕ್ಸಿನವನು, ಫೈನಾನ್ಸ್ ಕಂಪನಿಯ ನಂಬರು ಹುಡುಕಿಕೊಟ್ಟು.

ಅವಳು ಫೋನು ಮಾಡಿದ್ದು ಮಧ್ಯಾಹ್ನ, ಯಂತ್ರದಲ್ಲಿ ಯಾವುದೋ ಹೋಟೆಲಿನ ಪರದೆಗಳು ತಿರುಗುತ್ತಿದ್ದಾಗ. ಆ ಕಡೆ ಹೆಣ್ಣುದನಿ.

"ಮೇಡಂ, ಅಲ್ಲೇನೋ ಗಡಗಡ ಅಂತಿದೆ, ಏನೂ ಕೇಳಿಸ್ತಿಲ್ಲ."

ಬಣ್ಣದಕ್ಕ ಸ್ವಿಚ್ಚು ಒತ್ತಿದಳು. ಒತ್ತಿದ ತಕ್ಷಣ ನಿಲ್ಲುವ ಯಂತ್ರವಲ್ಲ ಅದು. ಒಳಗಿನ ಡ್ರಮ್ಮು ತನ್ನ ವೇಗ ಕಳೆದುಕೊಳ್ಳುವವರೆಗೆ ತಿರುಗುತ್ತಲೇ ಇರುತ್ತದೆ.

"ಈಗ ಹೇಳಿ. ತಕರಾರು ಏನು? ವಸ್ತು ನಿಮಗೆ ತಲುಪಿಲ್ಲ ಅಂತಾನಾ?"

"ಯಾವ ವಸ್ತು? ಅದನ್ನೇ ಕೇಳ್ತಿರೋದು ನಾನು."

"ಒಂದ್ನಿಮಿಷ... ಬಟ್ಟೆಯ ನೀರು ಹಿಂಡುವ ಯಂತ್ರ. ದೊಡ್ಡದು, ಅಂಗಡಿ ಬಳಕೆಗೆ. ತಲುಪಿಸಿದ ಜಾಗ..." ಹುಡುಗಿ ವಿಳಾಸ ಓದಿದಳು. ಬೀದಿಯ ಹೆಸರು, ಕಟ್ಟಡದ ಹೆಸರು, ನೆಲಮಹಡಿ, ಝೆರಾಕ್ಸ್ ಅಂಗಡಿಯ ಪಕ್ಕ. "ತಲುಪಿದೆ ಅಂತ ಸಹಿ ಕೂಡ ಇದೆ ಮೇಡಂ. ಹಲೋ? ಲೈನಲ್ಲಿದೀರಾ?"

ಡ್ರಮ್ಮು ಇನ್ನೂ ತಿರುಗುತ್ತಿತ್ತು. ಅದು ಪೂರ್ತಿ ನಿಲ್ಲುವವರೆಗೂ ಅವಳು ಅದನ್ನೇ ನೋಡುತ್ತ ಫೋನು ಹಿಡಿದು ನಿಂತಳು.

ಮರುದಿನ ಅಂಗಡಿ ಮುಚ್ಚಿ ಆ ಕಂಪನಿಯ ಶಾಖೆಗೆ ಹೋದಳು. ಅಲ್ಲಿನ ಮ್ಯಾನೇಜರು ಹಳೆಯ ಕಡತ ತೆಗೆಸಿದ. ಮೊದಲು ಕಂಡದ್ದು ಅವಳ ಗುರುತಿನ ಚೀಟಿಯ ನಕಲು. ಕೆಳಗಿದ್ದ ಸಹಿ ಅವಳದೇ. ರಜೆಯ ಸಂಜೆ, ತಿಳಿಗೈಯಲ್ಲಿ, ತಾರೀಖಿಲ್ಲದೆ ಹಾಕಿದ್ದು. ಸಾಲದ ಅರ್ಜಿಯ ಮೇಲಿದ್ದ ಸಹಿ ಮಾತ್ರ ಅದನ್ನು ನೋಡಿಕೊಂಡು ಯಾರೋ ನಿಧಾನವಾಗಿ ಬಿಡಿಸಿದ್ದು. ಪಕ್ಕಪಕ್ಕ ಇಟ್ಟರೆ ಮಗುವಿಗೂ ಗೊತ್ತಾಗುತ್ತಿತ್ತು. ಯಾರೂ ಪಕ್ಕಪಕ್ಕ ಇಟ್ಟಿರಲಿಲ್ಲ. ಸಂಪರ್ಕದ ಫೋನ್ ನಂಬರು ಅಣ್ಣನದು. ಪತ್ರ ಕಳಿಸುವ ವಿಳಾಸ ಅಮ್ಮನ ಮನೆ. ಮಾರಾಟ ಮಾಡಿದ ಸೇಲ್ಸ್‌ಮನ್ ಹೆಸರಿನ ಜಾಗದಲ್ಲೂ ಅಣ್ಣ. ಆ ತಿಂಗಳ ಗುರಿ ಮುಟ್ಟಿದವರಿಗೆ ಶೋರೂಮಿನವರು ಬೋನಸ್ ಕೊಡುತ್ತಿದ್ದರೆಂದು ಮ್ಯಾನೇಜರು, ಅದೇನೂ ವಿಶೇಷವಲ್ಲವೆಂಬ ದನಿಯಲ್ಲಿ ಹೇಳಿದ. ಬೋನಸ್ ಬಂದದ್ದು ಅವಳಿಗೆ ನೆನಪಿತ್ತು. ಅಣ್ಣ ಆಗಲೇ ಬೈಕು ಬದಲಾಯಿಸಿದ್ದ.

"ಈಗ ಏನ್ ಮಾಡ್ಬಹುದು?" ಎಂದು ಕೇಳಿದಳು.

"ಎರಡು ದಾರಿ. ಪೂರ್ತಿ ಕಟ್ಟಿಬಿಡಿ, ಸಾಲ ಮುಗಿದಿದೆ ಅಂತ ಬರ್ಕೊಡ್ತೀವಿ. ಆದ್ರೆ ಕಟ್ಟದೆ ಬಿಟ್ಟಿದ್ದ ಗುರುತು ವರ್ಷಗಟ್ಲೆ ರಿಪೋರ್ಟಲ್ಲಿರುತ್ತೆ. ಬ್ಯಾಂಕಿನೋರು ಅದನ್ನ ನೋಡ್ತಾರೆ. ಇಲ್ಲಾಂದ್ರೆ, ಇದು ನನ್ನ ಸಹಿ ಅಲ್ಲ, ನನ್ನ ಹೆಸರಲ್ಲಿ ಬೇರೆಯೋರು ತಗೊಂಡಿದಾರೆ ಅಂತ ಬರ್ದು ಕೊಡಿ. ಆಗ ತನಿಖೆ ಆಗುತ್ತೆ."

"ಯಾರು ತಗೊಂಡಿದ್ದು ಅಂತ ಬರೀಬೇಕಾ?"

"ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತ ಬರೀರಿ. ಗೊತ್ತಿದ್ರೆ," ಅವನು ಕಡತ ಮುಚ್ಚಿದ, "ಗೊತ್ತಿದೆ ಅಂತ."

ಅಲ್ಲಿಂದ ಅವಳು ನೇರ ಅಮ್ಮನ ಮನೆಗೆ ಹೋದಳು. ಅಣ್ಣ ಬಾಗಿಲ ಬಳಿ ಕೂತು ಶೂಗೆ ಪಾಲಿಶ್ ಹಾಕುತ್ತಿದ್ದ. ಅವಳು ಕೂಗಾಡಲಿಲ್ಲ. ಕಡತದಲ್ಲಿ ಕಂಡದ್ದನ್ನು, ಗಿರಾಕಿಗೆ ಬಟ್ಟೆ ಎಣಿಸಿಕೊಡುವ ಹಾಗೆ, ಒಂದೊಂದಾಗಿ ಹೇಳಿದಳು. ಅಣ್ಣ ಶೂ ಕೆಳಗಿಡಲಿಲ್ಲ.

"ನಾನೇನ್ ಕದ್ದೆನಾ? ಮೆಷಿನ್ ಎಲ್ಲಿದೆ? ನಿನ್ ಅಂಗಡೀಲೇ ಇದೆ ತಾನೆ?"

"ಕೊಡುಗೆ ಅಂದೆ ನೀನು. ರಿಬ್ಬನ್ ಕಟ್ಟಿದ್ದೆ."

"ಕಟ್ತಿದ್ದೆ ಕಣೇ. ಕಂತು ಕಟ್ತಾನೇ ಇದ್ದೆ. ಕೆಲ್ಸ ಹೋಯ್ತು, ನಿಂತ್ಹೋಯ್ತು. ಆಮೇಲೆ ಬಡ್ಡಿ ಬೆಳೀತು. ಹೇಳಿದ್ರೆ ನೀನು ನೊಂದ್ಕೋತೀಯ ಅಂತ ಸುಮ್ನಿದ್ದೆ."

"ಕೆಲ್ಸ ಹೋದಾಗ ನಿಮ್ಮ ಬಾಡಿಗೆ ಕಟ್ಟಿದ್ದು ಯಾರು?"

"ಅದನ್ನ ಈಗ ಆಡಿ ತೋರಿಸ್ತೀಯಾ?" ಅಣ್ಣ ನಿಜವಾಗಿಯೂ ನೊಂದವನಂತೆ ಕಂಡ. ಮಾರುವವನ ಮುಖ, ಯಾವುದು ನಿಜದ ನೋವು, ಯಾವುದು ಗಿರಾಕಿಗೆ ತೋರಿಸುವುದು ಎಂದು ಅವನಿಗೂ ಗೊತ್ತಿತ್ತೋ ಇಲ್ಲವೋ. "ನಾನು ಒಂದು ದಿನಾನಾದ್ರೂ ನಿನ್ನ ಮೆಷಿನ್‌ಗೆ ಇಷ್ಟು ಖರ್ಚಾಯ್ತು ಅಂದಿದೀನಾ?"

ಇದಕ್ಕೆ ಅವಳಿಗೆ ನಗು ಬಂತು. ನಗಲಿಲ್ಲ. ಅಮ್ಮನ ಕಡೆ ತಿರುಗಿದಳು. ಅಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

"ಅಮ್ಮ, ಪತ್ರಗಳು ಈ ಮನೆಗೆ ಬರ್ತಿದ್ವು. ಮೇಲೆ ನನ್ನ ಹೆಸರಿತ್ತು."

"ಬರ್ತಿದ್ವು" ಎಂದಳು ಅಮ್ಮ.

"ನಿಂಗೆ ಓದೋಕೆ ಬರುತ್ತೆ."

"ಅವನೇ ನೋಡ್ಕೋತೀನಿ ಅಂದ. ಕೊಟ್ಬಿಡ್ತಿದ್ದೆ."

"ಒಂದಾದ್ರೂ ನಂಗೆ ಕೊಡ್ಬೇಕು ಅನ್ಸಲಿಲ್ವಾ?"

ಅಮ್ಮ ಉತ್ತರಕ್ಕಾಗಿ ಹುಡುಕಾಡಲಿಲ್ಲ. ಅದು ಎಷ್ಟೋ ವರ್ಷದಿಂದ ಸಿದ್ಧವಾಗಿಯೇ ಇದ್ದಿರಬೇಕು. "ನೀನು ಗಟ್ಟಿಗಿತ್ತಿ. ಹೇಗಾದ್ರೂ ಏಳ್ತೀಯ. ಅವನು ಹಾಗಲ್ಲ. ಮನೆ ಅಂದ್ಮೇಲೆ ಒಬ್ರ ಮೇಲೆ ಭಾರ ಬಿದ್ದೇ ಬೀಳುತ್ತೆ."

ಗೋಡೆಯ ಮೇಲೆ ಫೋಟೋ ಇತ್ತು. ಕೆಂಪು ರಿಬ್ಬನ್, ಗುಂಡಿ ಒತ್ತುತ್ತಿರುವ ಅಣ್ಣ, ಅಳುತ್ತಿರುವ ಅವಳು, ಅವಳ ಭುಜದ ಮೇಲೆ ಕೈಯಿಟ್ಟು ನಗುತ್ತಿರುವ ಅಮ್ಮ. ಈ ಮನೆಯಲ್ಲಿ ಆ ದಿನವೇ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವಳೊಬ್ಬಳೇ ಅತ್ತಿದ್ದಳು.

ಅವಳನ್ನು ಸುಟ್ಟದ್ದು ದುಡ್ಡಲ್ಲ. ಇದನ್ನು ಅವಳು ಆಮೇಲೆ ಝೆರಾಕ್ಸಿನವನಿಗೆ ಹೇಳಲು ಪ್ರಯತ್ನಿಸಿದಳು, ಸರಿಯಾಗಿ ಹೇಳಲಾಗಲಿಲ್ಲ. ದುಡ್ಡು ಕೇಳಿದ್ದರೆ ಕೊಡುತ್ತಿದ್ದಳು. ಸಾಲ ಮಾಡೋಣವೆಂದಿದ್ದರೆ ಸಹಿಯನ್ನೂ ಹಾಕುತ್ತಿದ್ದಳು. ಎಂಟು ವರ್ಷ ಆ ಯಂತ್ರದ ಪಕ್ಕ ನಿಂತು ಪ್ರತಿ ಸಲ ಗುಂಡಿ ಒತ್ತುವಾಗಲೂ ಅವಳ ಮನಸ್ಸು ಅಣ್ಣನಿಗೆ ಒಂದು ಸಣ್ಣ ನಮಸ್ಕಾರ ಹಾಕುತ್ತಿತ್ತು. ಆ ನಮಸ್ಕಾರಗಳನ್ನು ವಾಪಸು ಕೇಳಲು ಯಾವ ಕಚೇರಿಯಿದೆ?

ಝೆರಾಕ್ಸಿನವನು ಎಲ್ಲ ಕೇಳಿ, ಮೊದಲ ಸಲ ತಮಾಷೆ ಮಾಡದೆ, "ಅತ್ತೆಯ ಒಡವೇನ ಅಳಿಯ ದಾನ ಮಾಡಿದ ಅಂತಾರೆ. ಇಲ್ಲಿ ದಾನ ತಗೊಂಡೋಳೂ ನೀನೇ, ಒಡವೆ ಕಳ್ಕೊಂಡೋಳೂ ನೀನೇ" ಎಂದ. ಆಮೇಲೆ, "ಏನ್ ಬರೀತೀಯ ಅಕ್ಕ?" ಎಂದ.

ಅದು ಸುಲಭವಾಗಿರಲಿಲ್ಲ. ಎರಡು ದಿನ ಹಂಡೆಯ ಮುಂದೆ ನಿಂತು ಲೆಕ್ಕ ಹಾಕಿದಳು. ಪೂರ್ತಿ ಕಟ್ಟಿಬಿಟ್ಟರೆ ಅಣ್ಣನ ಹೆಸರು ಹೊರಗೆ ಬರುವುದಿಲ್ಲ. ಆದರೆ ಕೂಡಿಟ್ಟದ್ದರಲ್ಲಿ ದೊಡ್ಡ ಪಾಲು ಹೋಗುತ್ತದೆ, ಕಲೆ ಉಳಿಯುತ್ತದೆ, ಬ್ಯಾಂಕು ಒಲ್ಲೆನ್ನುತ್ತದೆ, ಕೋಣೆ ಫೋನ್ ಅಂಗಡಿಯವನದಾಗುತ್ತದೆ. ಯಾರೆಂದು ಗೊತ್ತಿಲ್ಲ ಎಂದು ಬರೆದರೆ ಅದು ಸುಳ್ಳು; ಯಂತ್ರ ಅವಳ ಅಂಗಡಿಯಲ್ಲೇ ನಿಂತಿರುವಾಗ ಯಾರೂ ನಂಬದ ಸುಳ್ಳು. ಅಣ್ಣ ಎರಡು ಸಲ ಫೋನು ಮಾಡಿದ. ಮೊದಲ ಸಲ ಬೈದ. ಎರಡನೆಯ ಸಲ, "ಕಾರಿನ ಜಾಗ್ದಲ್ಲಿ ಗೊತ್ತಾದ್ರೆ ನನ್ನ ಕೆಲ್ಸ ಹೋಗುತ್ತೆ ಪುಟ್ಟಿ" ಎಂದ. ಅಮ್ಮ ಖುದ್ದಾಗಿ ಬಂದು ಮೇಜಿನ ಮುಂದೆ, ಗಿರಾಕಿಗಳು ನಿಲ್ಲುವ ಜಾಗದಲ್ಲಿ ನಿಂತಳು.

"ಒಡಹುಟ್ಟಿದವನ ಹೆಸರು ಕೆಡಿಸ್ತೀಯಾ?"

"ನನ್ನ ಹೆಸರು ಕೆಟ್ಟಾಗ ನೀನು ಪತ್ರ ಎತ್ತಿಡ್ತಿದ್ದೆ ಅಮ್ಮ."

"ನಿನ್ನ ಹೆಸರು ಯಾರು ನೋಡ್ತಾರೆ?" ಎಂದಳು ಅಮ್ಮ. ಕೆಟ್ಟ ಮನಸ್ಸಿನಿಂದ ಅಲ್ಲ. ಅವಳಿಗೆ ಅದು ನಿಜವಾಗಿಯೂ ಹೊಳೆಯದ ವಿಷಯವಾಗಿತ್ತು.

ಅಮ್ಮ ಹೋದ ಮೇಲೆ ಬಣ್ಣದಕ್ಕ ಪಕ್ಕದ ಅಂಗಡಿಗೆ ಹೋಗಿ ಸ್ಟೂಲು ಎಳೆದುಕೊಂಡಳು. ಮೂರನೆಯ ತಕರಾರು ಹಿಂದಿನವುಗಳಿಗಿಂತ ಚಿಕ್ಕದು. ಅರ್ಜಿಯ ಸಹಿ ನನ್ನದಲ್ಲ. ಗುರುತಿನ ಚೀಟಿಯ ನಕಲಿನ ಸಹಿ ನನ್ನದು, ಅದನ್ನು ನನ್ನ ಮೇಜಿನಿಂದ ನನಗೆ ಹೇಳದೆ ತೆಗೆದುಕೊಳ್ಳಲಾಗಿದೆ. ಯಂತ್ರ ನನ್ನಲ್ಲಿದೆ, ಉಡುಗೊರೆಯೆಂದು ನಂಬಿ ಇಟ್ಟುಕೊಂಡಿದ್ದೆ. ಸಾಲ ತೆಗೆದುಕೊಂಡವನು ನನ್ನ ಅಣ್ಣ. 'ಅಣ್ಣ' ಎಂಬಲ್ಲಿಗೆ ಬಂದಾಗ ಝೆರಾಕ್ಸಿನವನು ಗಿರಾಕಿಯ ನೆಪ ಮಾಡಿ ಎದ್ದು ಹೊರಗೆ ಹೋದ. ಕಳಿಸಿದ ಮೇಲೆ ಅವಳು ಮೇಜಿನ ಖಾನೆಯಿಂದ ಸಹಿ ಹಾಕಿದ ನಕಲುಗಳ ಕಂತೆಯನ್ನು ತೆಗೆದು ಒಂದೊಂದಾಗಿ ಹಂಡೆಯ ಒಲೆಗೆ ಹಾಕಿದಳು.

ತನಿಖೆಯವರು ಬಂದರು, ಸಹಿಗಳನ್ನು ಪಕ್ಕಪಕ್ಕ ಇಟ್ಟರು. ಅಣ್ಣ ಶಾಖೆಗೆ ಹೋಗಿ ಒಪ್ಪಿಕೊಂಡು, ತಾನೇ ಕಟ್ಟುತ್ತೇನೆಂದು ಬರೆದುಕೊಟ್ಟ. ಕಾರಿನ ಜಾಗದಲ್ಲಿ ಅವನ ಕೆಲಸ ಹೋಗಲಿಲ್ಲ. ಅಲ್ಲಿಯೂ ಏನೋ ಹೇಳಿ ನಂಬಿಸಿರಬೇಕು. ಬೇಸಿಗೆಯ ಕೊನೆಗೆ ರಿಪೋರ್ಟಿನಿಂದ ಆ ಸಾಲ ಹೋಯಿತು. ಕನ್ನಡಕದ ಅಧಿಕಾರಿ ತಲೆದೂಗಿದಳು, ಈ ಸಲ ನಿಲ್ಲಿಸಲಿಲ್ಲ. ಕಟ್ಟಡದ ಯಜಮಾನ ಕೆಮ್ಮದೆ ಕೀಲಿ ಕೊಟ್ಟ.

ಸಾಲ ಅವಳದಲ್ಲವೆಂದ ಮೇಲೆ ಯಂತ್ರವೂ ಅವಳದಲ್ಲ. ಅದನ್ನು ಅವಳು ಯೋಚಿಸಿಯೇ ಇದ್ದಳು. ಕಂಪನಿಯ ಇಬ್ಬರು ಬಂದು ನಾಲ್ಕು ಬೋಲ್ಟು ಬಿಚ್ಚಿ ಅದನ್ನು ಹೊರಗೆ ಹೊತ್ತರು. ಹೊರುವಾಗ ಒಬ್ಬ, "ಚೆನ್ನಾಗಿ ಇಟ್ಕೊಂಡಿದೀರಮ್ಮ, ಹೊಸದರ ಥರ ಇದೆ" ಎಂದ. ಅವಳು ಮತ್ತೆ ಕೈಯಲ್ಲಿ ಹಿಂಡತೊಡಗಿದಳು. ಬಟ್ಟೆ ಒಣಗಲು ಈಗ ಒಂದು ದಿನ ಹೆಚ್ಚು ಬೇಕು. ಸಂಜೆಗೆ ಮಣಿಕಟ್ಟು ಊದಿಕೊಳ್ಳುತ್ತದೆ. ಗಿರಾಕಿಗಳು ಗೊಣಗುತ್ತಾರೆ, ಆದರೂ ಬರುತ್ತಾರೆ.

ನೆಂಟರಿಗೆಲ್ಲ ಈಗ ಬೇರೆ ಕಥೆ ತಲುಪಿದೆ: ಅಣ್ಣ ಪ್ರೀತಿಯಿಂದ ಕೊಟ್ಟ ಯಂತ್ರವನ್ನು ತಂಗಿ ಹೊರಗೆ ಹಾಕಿದಳಂತೆ, ಅವನ ಮೇಲೆ ದೂರು ಬೇರೆ ಕೊಟ್ಟಳಂತೆ. ಅವಳು ಅದನ್ನು ತಿದ್ದಲು ಹೋಗಿಲ್ಲ. ಆ ರಿಪೋರ್ಟಿಗೆ ತಕರಾರು ಹಾಕುವ ವ್ಯವಸ್ಥೆ ಇಲ್ಲ ಎಂದು ಝೆರಾಕ್ಸಿನವನ ಹತ್ತಿರ ಒಮ್ಮೆ ಅಂದದ್ದುಂಟು.

ಚಳಿ ಶುರುವಾಗುವ ಹೊತ್ತಿಗೆ ಅಮ್ಮ ಬಂದಳು. ಏನೂ ನಡೆದೇ ಇಲ್ಲವೆಂಬಂತೆ ಚೀಲದಿಂದ ಒಂದು ಪ್ಯಾಂಟು ತೆಗೆದು ಮೇಜಿನ ಮೇಲಿಟ್ಟಳು. ಮೊಣಕಾಲಿನಲ್ಲಿ ಬಣ್ಣ ಹೋಗಿತ್ತು.

"ಕಪ್ಪು ಹಾಕ್ಬೇಕಂತೆ. ಅವನೇ ಬರ್ತಿದ್ದ, ಕೆಲ್ಸ."

ಬಣ್ಣದಕ್ಕ ಪ್ಯಾಂಟನ್ನು ಬೆಳಕಿಗೆ ಹಿಡಿದು ನೋಡಿದಳು. ಸೊಂಟದ ಬಳಿ ಹಿಂದೆ ಎರಡು ಸಲ ತಾನೇ ಹಾಕಿದ್ದ ಬಣ್ಣ ಹೊಲಿಗೆಯೊಳಗೆ ಇನ್ನೂ ಉಳಿದಿತ್ತು. ನೂರು ಬಟ್ಟೆಯಲ್ಲಿಟ್ಟರೂ ಗುರುತು ಹಿಡಿಯುವಂಥದು. ಅವಳು ಡಬ್ಬಿಯಿಂದ ಒಂದು ಸಂಖ್ಯೆಯ ಚೀಟಿ ತೆಗೆದಳು, ಸೂಜಿಗೆ ದಾರ ಪೋಣಿಸಿದಳು, ಸೊಂಟದ ಪಟ್ಟಿಗೆ ಹೊಲಿದಳು. ಅದೇ ಸಂಖ್ಯೆಯ ಇನ್ನೊಂದು ತುಂಡನ್ನು ಅಮ್ಮನ ಕಡೆ ಸರಿಸಿದಳು.

ಅಮ್ಮ ಅದನ್ನು ಮುಟ್ಟಲಿಲ್ಲ. "ಇದೇನು?"

"ಚೀಟಿ. ತಗೊಂಡ್ಹೋಗೋವಾಗ ತೋರಿಸ್ಬೇಕು."

"ನಮಗೂನಾ?"

"ಶನಿವಾರ ಬಾ ಅಮ್ಮ" ಎಂದಳು ಬಣ್ಣದಕ್ಕ. "ಒಣಗೋಕೆ ಈಗ ಹೊತ್ತು ಹಿಡಿಯುತ್ತೆ."

ಅಮ್ಮ ಚೀಟಿಯನ್ನು ಕೈಗೆತ್ತಿಕೊಂಡು, ಎಷ್ಟಾಗುತ್ತೆ ಎಂದು ಕೇಳಿದಳು. ಅವಳು ಹೇಳಿದಳು. ಬೀದಿಯವರಿಗೆಲ್ಲ ಹೇಳುವ ದರವನ್ನೇ.